ಬಿಡುವಿನ ಕೈಗೆಲಸ: ದುಡಿದ ಬಂಡಿಯ ಬಣ್ಣ

ಮಲೆನಾಡಿನ ಕಡೆಯ ವಾಚಕ ಸೋದರಿಯೊಬ್ಬರು ಬರೆದಿರುವ ಕಾಗದವೊಂದು ಮೂರು ವಾರಗಳಿಂದ ನಮ್ಮ ಮೇಜಿನ ಮೇಲೆ ಕುಳಿತಿದೆ. ಅವರ ಹಿರಿಯ ಮಗನಿಗೆ ಈಗ ಹದಿನಾಲ್ಕು ವರ್ಷ. ಇಂಗ್ಲೆಂಡಿನಲ್ಲಿರುವ ಹುಡುಗನ ಸೋದರಮಾವನು ಊರಿಗೆ ಬರುವಾಗ ಕಲ್ಲಿದ್ದಲಿನ ಸರಕು ಬಂಡಿಯ ಎರಡು ಮಾದರಿಗಳನ್ನು ಅವನಿಗೆಂದು ತಂದುಕೊಟ್ಟನಂತೆ. ಬೂದುಬಣ್ಣದ, ಬೆರಳುದ್ದದ, ನೋಡಿದರೆ ಕಣ್ಣು ತುಂಬುವಂತಹ ಬಂಡಿಗಳು. ಹುಡುಗನು ಒಂದು ವಾರ ಅವನ್ನು ಪೆಟ್ಟಿಗೆಯಿಂದ ತೆಗೆದು ನೋಡುವುದು, ಮತ್ತೆ ಒಳಗಿಡುವುದು, ಹೀಗೆ ಮಾಡಿ, ಎಂಟನೆಯ ದಿನ ಒಂದು ಬಂಡಿಯ ಮೈತುಂಬ ಕಂದು ಬಣ್ಣವನ್ನು ಬಳಿದುಬಿಟ್ಟನು. “ನಿಜವಾದ ಗೂಡ್ಸ್ ಗಾಡಿ ಇಷ್ಟು ಚೊಕ್ಕಟವಾಗಿ ಎಲ್ಲಿರುತ್ತೆ ಅಮ್ಮಾ?” ಎಂಬುದು ಅವನ ಸಮಾಧಾನ. ತಂದೆಯವರಿಗೆ ತಡೆಯಲಾರದ ಕೋಪ ಬಂದು, ಉಳಿದ ಬಂಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಂದಿನಿಂದ ತಂದೆ ಮಕ್ಕಳಲ್ಲಿ ಸರಿಯಾದ ಮಾತಿಲ್ಲ. “ಇದು ಕೈಗೆಲಸವೋ ಕೈಚೇಷ್ಟೆಯೋ ತಾವೇ ತಿಳಿಸಬೇಕು” ಎಂದು ಆ ತಾಯಿ ಕೇಳಿದ್ದಾರೆ.

ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನಮಗಿದೆಯೆಂದು ನಾವು ನಂಬುವುದಕ್ಕೆ ಒಂದು ಕಾರಣವುಂಟು. ಆ ಹುಡುಗನು ಮಾಡಿದ ತಪ್ಪನ್ನು ನಾವು ನಲವತ್ತೆಂಟನೆಯ ವಯಸ್ಸಿನಲ್ಲಿ ಮಾಡಿದ್ದೇವೆ. ಬೀರುವಿಗೆ ಬೀಗ ಹಾಕುವವರು ನಮ್ಮ ಮನೆಯಲ್ಲಿ ಇರಲಿಲ್ಲ, ಅಷ್ಟೇ ಭೇದ.

ಮೊದಲು ತಂದೆಯವರ ಪಕ್ಷವನ್ನು ಹೇಳಿಬಿಡೋಣ. ಈ ಮಾದರಿಗಳು ಅಗ್ಗದ ಆಟಿಕೆಗಳಲ್ಲ. ಪೆಟ್ಟಿಗೆಯೊಡನೆ ಹೊಸದಾಗಿಯೇ ಉಳಿದ ಬಂಡಿಗೆ ಮಾರಾಟದಲ್ಲಿ ಸಿಕ್ಕುವ ಬೆಲೆ, ಮನೆಯಲ್ಲಿ ಬಣ್ಣ ಹಚ್ಚಿದ ಬಂಡಿಗೆ ಸಾಮಾನ್ಯವಾಗಿ ಸಿಕ್ಕದು. ಆದುದರಿಂದ ಕೈ ಪಳಗುವವರೆಗೂ ಮುರಿದ, ಹಳೆಯ, ಯಾರಿಗೂ ಬೇಡವಾದ ಬಂಡಿಯ ಮೇಲೆ ಅಭ್ಯಾಸ ಮಾಡತಕ್ಕದ್ದು. ಇಷ್ಟರಮಟ್ಟಿಗೆ ತಂದೆಯವರ ಕೋಪ ನ್ಯಾಯವಾದದ್ದೇ. ಆದರೆ ಹುಡುಗನ ಮಾತೂ ನ್ಯಾಯವಾದದ್ದೇ. ಹೊಸ ಬಂಡಿಯ ಹೊಳಪು ಕಾರ್ಖಾನೆಯ ಹೊಳಪು. ಆ ಹೊಳಪಿನಲ್ಲಿ ಬಂಡಿಯು ಲೋಕದಲ್ಲಿ ಓಡಾಡಿದ ಕಾಲ ಬಹು ಸ್ವಲ್ಪ. ಮಾದರಿ ಮಾಡುವವರ ಪೈಕಿ ಬಂಡಿಗೆ ಹಳಮೆಯ ಬಣ್ಣ ಕೊಡುವುದು ಈಗ ಒಂದು ಪ್ರತ್ಯೇಕ ವಿದ್ಯೆಯಾಗಿಯೇ ಬೆಳೆದಿದೆ. ಅಂಗಡಿಯಲ್ಲಿಯೇ ಹಳಮೆಯ ಬಣ್ಣ ಹಚ್ಚಿ ಮಾರುವುದೂ ಉಂಟು. ಅವುಗಳಲ್ಲಿ ಒಂದೇ ಕುಂಚಕ್ಕೆ ಸಿಕ್ಕಿದ ಹತ್ತು ಬಂಡಿಗಳು ಒಂದೇ ಕಡೆ ಒಂದೇ ಕಲೆಯನ್ನು ಹೊತ್ತು ನಿಲ್ಲುವುದನ್ನು ನೋಡಿದರೆ ನಗು ಬರುವುದು.

ನಮ್ಮ ಕಥೆಯನ್ನು ಹೇಳುವ ಮೊದಲು, ಆ ಬಂಡಿ ಯಾವುದೆಂಬುದನ್ನು ತಿಳಿಸಬೇಕು. ಕಾಗದದಲ್ಲಿ ಬರೆದಿರುವ ಗುರುತಿನಿಂದ ಹುಡುಗನ ಬಂಡಿಯೂ ಅದೇ ಜಾತಿಯದೆಂದು ತೋರುತ್ತದೆ. 1948ನೆಯ ಇಸವಿ ಜನವರಿ 1ರಂದು ಬ್ರಿಟನ್ನಿನ ರೈಲ್ವೆಗಳು ಸರ್ಕಾರದ ಸ್ವತ್ತಾದುವು. ಆ ಬಳಿಕ ಅಲ್ಲಿ ಕಲ್ಲಿದ್ದಲನ್ನು ಸಾಗಿಸಲು ಹದಿನಾರು ಟನ್ ಹೊರುವ, ನಾಲ್ಕು ಚಕ್ರದ, ಮೇಲೆ ತೆರೆದ ಉಕ್ಕಿನ ಬಂಡಿಗಳನ್ನು ಲಕ್ಷಗಳ ಲೆಕ್ಕದಲ್ಲಿ ಕಟ್ಟಿದರು. ಮೈ ಹದಿನಾರೂವರೆ ಅಡಿ ಉದ್ದ. ಒಂದು ಅಡಿಗೆ ನಾಲ್ಕು ಮಿಲಿಮೀಟರಿನಂತೆ ಕುಗ್ಗಿಸಿದ ಮಾದರಿಯಲ್ಲಿ ಅದು 66 ಮಿಲಿಮೀಟರ್ ಆಗುತ್ತದೆ. ಎಂಜಿನ್ನಿನಿಂದ ಬ್ರೇಕು ಬೀಳದ ಸಾಧಾರಣ ಬಂಡಿಗೆ ತಿಳಿ ಬೂದುಬಣ್ಣ. ನಿರ್ವಾತ ಬ್ರೇಕು ಜೋಡಿಸಿದ ಬಂಡಿಗೆ ಕೆಂಗಂದು ಬಣ್ಣ. ಬಂಡಿಯ ಮಗ್ಗುಲಲ್ಲಿ ಓರೆಯಾಗಿ ಮೇಲಕ್ಕೇರುವ ಬಿಳಿಯ ಪಟ್ಟೆಯೊಂದಿದ್ದಿತು. ನಾವು ಅದನ್ನು ಬಹುಕಾಲ ಅಲಂಕಾರವೆಂದೇ ತಿಳಿದಿದ್ದೆವು. ಅದು ಅಲಂಕಾರವಲ್ಲ. ಬಂಡಿಯ ಒಂದು ತುದಿಯಲ್ಲಿ ಮಾತ್ರ ತೆರೆಯುವ ಬಾಗಿಲು ಇರುತ್ತಿತ್ತು. ಬಂಡಿಯನ್ನು ಇಡಿಯಾಗಿ ಎತ್ತಿ ವಾಲಿಸಿ ಕಲ್ಲಿದ್ದಲನ್ನು ಸುರಿಯುವಾಗ ಯಾವ ಕಡೆಗೆ ವಾಲಿಸಬೇಕೆಂಬುದನ್ನು ಕೆಲಸಗಾರರು ದೂರದಿಂದಲೇ ಕಾಣಲೆಂದು ಪಟ್ಟೆಯ ಮೇಲುತುದಿಯು ಆ ಬಾಗಿಲಿನ ಕಡೆಯನ್ನು ತೋರಿಸುತ್ತಿದ್ದಿತು.

ಇಂಥ ಒಂದು ಬಂಡಿಯನ್ನು ನಮ್ಮ ಸ್ನೇಹಿತರೊಬ್ಬರು ನಮಗೆ ಕೊಟ್ಟರು. ನಾವು ಕಿತ್ತಳೆ ಬಣ್ಣ, ಕಂದು ಬಣ್ಣ, ಕಪ್ಪು ಬಣ್ಣಗಳನ್ನು ತಂದು, ಒಂದು ಭಾನುವಾರದ ಮಧ್ಯಾಹ್ನವೆಲ್ಲ ಕುಳಿತು, ಬಂಡಿಯ ಮೈಮೇಲೆ ಬಿಡುವಿದ್ದಲ್ಲೆಲ್ಲ ತುಕ್ಕನ್ನು ಬಳಿದೆವು. ಕೆಲಸ ಮುಗಿದಾಗ ನಮಗೆ ಬಹಳ ಹೆಮ್ಮೆಯಾಯಿತು. ನಮ್ಮ ಬೀದಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೊಸಪೇಟೆ ಗುಂತಕಲ್ಲುಗಳ ಯಾರ್ಡುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚಾಗಿ ಸರಕು ಬಂಡಿಗಳ ತಪಾಸಣೆ ಮಾಡಿದವರು. ಸಂಜೆ ಅವರ ಮನೆಗೆ ಬಂಡಿಯನ್ನು ತೆಗೆದುಕೊಂಡು ಹೋದೆವು. ಅವರು ಅದನ್ನು ಅಂಗೈಯಲ್ಲಿಟ್ಟು ಭೂತಗನ್ನಡಿಯಿಂದ ಬಹಳ ಹೊತ್ತು ನೋಡಿದರು. ಬಳಿಕ, “ಇದು ಎಲ್ಲಿ ಬಿದ್ದಿತ್ತು ಸ್ವಾಮಿ?” ಎಂದರು.

“ಬಿದ್ದಿಲ್ಲ. ಹಳೆಯದಾಗಿ ಕಾಣಲೆಂದು ಬಣ್ಣ ಹಚ್ಚಿದ್ದೇವೆ.”

“ಹಳೆಯದಾಗಿ ಕಾಣುತ್ತಿಲ್ಲ. ಕೆಸರಿನಲ್ಲಿ ಬಿದ್ದು ಎದ್ದಂತೆ ಕಾಣುತ್ತಿದೆ. ಇದರಲ್ಲಿ ಏನು ತುಂಬುತ್ತಿದ್ದರು?”

ಕಲ್ಲಿದ್ದಲು ಎಂದೆವು. ಹೇಗೆ ತುಂಬುತ್ತಿದ್ದರು, ಹೇಗೆ ಸುರಿಯುತ್ತಿದ್ದರು, ಎಷ್ಟು ವರ್ಷ ದುಡಿದ ಬಂಡಿ, ಮಳೆಯ ದೇಶವೋ ಒಣ ದೇಶವೋ ಎಂದು ಒಂದರ ಮೇಲೊಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಬಂಡಿಯನ್ನು ಹಿಂದಕ್ಕೆ ಕೊಟ್ಟು, “ಇದಕ್ಕೆ ಕೊಳೆಯಾಗಿದೆ, ಆದರೆ ಇದು ದುಡಿದಿಲ್ಲ. ಈ ತುಕ್ಕು ಇಲ್ಲಿಗೆ ಹೇಗೆ ಬಂತು ಎಂದು ನಾನು ಕೇಳಿದರೆ ತಾವು ಹೇಳಬಲ್ಲಿರೇನು?” ಎಂದರು. ಆ ಒಂದು ಪ್ರಶ್ನೆಯಿಂದಲೇ ನಮ್ಮ ವಿದ್ಯಾಭ್ಯಾಸ ಪ್ರಾರಂಭವಾಯಿತು.

ಅವರಿಂದಲೂ, ಹಳೆಯ ಛಾಯಾಚಿತ್ರಗಳಿಂದಲೂ ನಾವು ಕಲಿತದ್ದನ್ನು ಹೇಳುತ್ತೇವೆ. ಕಲ್ಲಿದ್ದಲಿನ ಬಂಡಿ ಮೊದಲು ಕೆಡುವುದು ಹೊರಗಲ್ಲ, ಒಳಗೆ. ತಲೆಯ ಗಾತ್ರದ ಕಲ್ಲಿದ್ದಲು ಮೇಲಿನಿಂದ ಬೀಳುವಾಗ ಒಳಗಿನ ಬಣ್ಣವೆಲ್ಲ ಕೆಲವೇ ತಿಂಗಳಲ್ಲಿ ಕೆತ್ತಿಹೋಗುತ್ತದೆ. ಬರಿಯ ಉಕ್ಕು ಮಳೆಗೆ ಒಡ್ಡಿಕೊಂಡು ಒಳಗೆಲ್ಲ ತುಕ್ಕಾಗುತ್ತದೆ. ನೆಲಕ್ಕೂ ಗೋಡೆಗೂ ಕೂಡುವ ಮೂಲೆಯಲ್ಲಿ ಒದ್ದೆಯಾದ ಕಲ್ಲಿದ್ದಲಿನ ಪುಡಿ ಕೂತು, ಅಲ್ಲಿ ಉಕ್ಕನ್ನು ತಿನ್ನುತ್ತ ಹೋಗುತ್ತದೆ. ಆದಕಾರಣ ಹೊರಗಡೆ ತುಕ್ಕು ಮೊಟ್ಟಮೊದಲು ಕಾಣಿಸಿಕೊಳ್ಳುವುದು ಮಗ್ಗುಲಿನ ಕೆಳ ಅಂಚಿನಲ್ಲಿ, ಬೆಸುಗೆಯ ಗೆರೆಗಳ ಮೇಲೆ, ಮತ್ತು ಬಾಗಿಲಿನ ಸುತ್ತ. ನಡುವಿನ ಸಮತಟ್ಟಾದ ಭಾಗದಲ್ಲಿ ಬೂದುಬಣ್ಣ ಬಹುಕಾಲ ನಿಂತಿರುತ್ತದೆ. ಬಿಸಿಲಿಗೂ ಮಳೆಗೂ ಮಂಕಾಗಿ ಬೆಳ್ಳಗಾಗುತ್ತದೆ, ಅಷ್ಟೇ. ನಾವು ತುಕ್ಕನ್ನು ಬಳಿದಿದ್ದುದು ಸರಿಯಾಗಿ ಆ ನಡುಭಾಗದಲ್ಲಿಯೇ! ಉಕ್ಕಿನ ತಗಡು ತೀರ ಸವೆದುಹೋದಾಗ ಅದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವರು. ಅದಕ್ಕೆ ಮಾತ್ರ ಹೊಸ ಬಣ್ಣ ಹಚ್ಚುವರು. ಹೀಗಾಗಿ ಮುದಿ ಬಂಡಿಯ ಮೈಮೇಲೆ ಚೊಕ್ಕಟವಾದ ಚೌಕವೊಂದು ತೇಪೆಯಂತೆ ಕಾಣುವುದುಂಟು. ಕೊಳೆಯಿಂದ ತೋರಿಸಲಾರದ ವಯಸ್ಸನ್ನು ಈ ಒಂದು ಚೊಕ್ಕಟವಾದ ತೇಪೆ ತೋರಿಸಿಬಿಡುತ್ತದೆ.

ತುಕ್ಕಿನ ಬಣ್ಣದಲ್ಲಿಯೂ ವಯಸ್ಸಿದೆ. ನಿನ್ನೆ ಮೊನ್ನೆಯ ತುಕ್ಕು ಕಿತ್ತಳೆಯ ಬಣ್ಣದ್ದು. ವರ್ಷಗಳ ತುಕ್ಕು ಕಾಫಿಯ ಚರಟದಂತೆ ಗಾಢವಾದ ಕಂದು. ಹೊಸಬರು ಕಿತ್ತಳೆಯನ್ನೇ ಎಲ್ಲ ಕಡೆಗೂ ಬಳಿಯುವುದರಿಂದ ಬಂಡಿಗೆ ಅರಿಸಿನ ಕುಂಕುಮ ಹಚ್ಚಿದಂತಾಗುತ್ತದೆ. ಕೆಳಗಿನ ಚೌಕಟ್ಟಿನ ಬಣ್ಣವೇ ಬೇರೆ. ಎರಕದ ಕಬ್ಬಿಣದ ಬ್ರೇಕು ಚಕ್ರವನ್ನು ಉಜ್ಜಿ ಉಜ್ಜಿ ಸವೆದ ಪುಡಿಯು ಹಾರಿ ಚೌಕಟ್ಟಿನ ಮೇಲೆ ಕೂತು ತುಕ್ಕಾಗಿ, ಕೆಳಭಾಗವೆಲ್ಲ ಒಂದೇ ಸಮನಾದ ಮಾಸಲು ಕಂದಾಗಿರುತ್ತದೆ. ಅಚ್ಚಿನ ತುದಿಯ ಪೆಟ್ಟಿಗೆಯಲ್ಲಿ ಎಣ್ಣೆ ಒಸರುವುದರಿಂದ ಅಲ್ಲಿ ಮಾತ್ರ ಒದ್ದೆಯಾದ ಕಪ್ಪು. ಚಕ್ರದ ಮುಖ ಕಂದು; ಹಳಿಯನ್ನು ಮುಟ್ಟುವ ಅಂಚು ಮಾತ್ರ ಸದಾ ಬೆಳ್ಳಿಯಂತೆ ಹೊಳೆಯುತ್ತದೆ. ಬಂಡಿಯ ತುದಿಗಳಲ್ಲಿ, ಚಕ್ರದ ನೇರಕ್ಕೆ, ಮಳೆಗಾಲದಲ್ಲಿ ಎರಚಿದ ರಾಡಿಯ ಎರಡು ಪಟ್ಟೆಗಳಿರುತ್ತವೆ.

ಇನ್ನೊಂದು ಸೂಕ್ಷ್ಮವನ್ನು ಆ ಹಿರಿಯರೇ ತೋರಿಸಿಕೊಟ್ಟರು. ಎಷ್ಟೇ ಕೊಳೆಯಾದ ಬಂಡಿಯಾದರೂ ಅದರ ನಂಬರನ್ನು ಯಾರಾದರೂ ದಿನವೂ ಓದಲೇಬೇಕು. ಓದುವವನು ಚಿಂದಿಬಟ್ಟೆಯಿಂದ ನಂಬರನ್ನು ಒರಸುತ್ತಾನೆ. ಆದ್ದರಿಂದ ಮಸಿ ಹಿಡಿದ ಬಂಡಿಯಲ್ಲಿ ನಂಬರಿನ ಸುತ್ತ ಒಂದು ಅಂಗೈ ಅಗಲದ ಜಾಗ ಮಾತ್ರ ಚೊಕ್ಕಟವಾಗಿರುವುದುಂಟು. “ನಮ್ಮ ಕೈ ಆಡಿದ ಗುರುತು ಅದೊಂದೇ ನೋಡಿ,” ಎಂದು ಅವರು ನಕ್ಕರು.

ಹೊಸಪೇಟೆ ತೋರಣಗಲ್ಲುಗಳ ಕಡೆ ಪ್ರಯಾಣ ಮಾಡಿದ ವಾಚಕರು ಈ ಕಾರಣಗಳನ್ನು ಕಣ್ಣಾರೆ ನೋಡಿರಬಹುದು. ಅಲ್ಲಿ ಅದಿರು ಹೊತ್ತ ಬಂಡಿಗಳ ಚಾಚಿದ ಅಂಚುಗಳ ಮೇಲೆಲ್ಲ ಕೆಂಪು ಧೂಳು ಕೂತಿರುತ್ತದೆ. ಅದು ಬಂಡಿಯ ತುಕ್ಕಲ್ಲ, ಹೇರಿದ ಸರಕಿನ ಗುರುತು. ಬಣ್ಣದಲ್ಲಿಯೂ ತುಕ್ಕಿಗಿಂತ ಕೆಂಪು. ಇನ್ನೂ ಒಂದು ಭೇದವುಂಟು. ಕಲ್ಲಿದ್ದಲು ಹಗುರ, ಬಂಡಿ ಬಾಯಿಯವರೆಗೂ ತುಂಬುತ್ತದೆ. ಅದಿರು ಭಾರ, ನಮ್ಮ ದೇಶದ ಬಾಕ್ಸ್‌ಎನ್ ಎಂಬ ಎಂಟು ಚಕ್ರದ ತೆರೆದ ಬಂಡಿಯಲ್ಲಿ ಅದಿರು ಅರ್ಧ ತುಂಬುವ ಮೊದಲೇ ಹೊರಬಹುದಾದ ತೂಕ ಮುಗಿದುಹೋಗುತ್ತದೆ. ಆದುದರಿಂದ ಬರಿಯ ಅದಿರನ್ನೇ ಹೊತ್ತ ಬಂಡಿಯ ಒಳಗೋಡೆಯಲ್ಲಿ ಕೆಳಭಾಗದ ಉಜ್ಜಾಟ ಹೆಚ್ಚು, ಮೇಲುಭಾಗದ್ದು ಕಡಿಮೆ. ಮಾದರಿಯಲ್ಲಿ ಇಂಥದನ್ನು ಬರೆದವನು ಬಂಡಿಯೊಳಗೆ ಅದಿರನ್ನು ಇಡದಿದ್ದರೂ ನೋಡುವವನಿಗೆ ತಿಳಿಯುತ್ತದೆ.

ನಮ್ಮ ದೇಶದ ಬಂಡಿಗಳಲ್ಲಿ ಮತ್ತೊಂದು ಅನುಕೂಲವಿದೆ. ಅವುಗಳ ಮೇಲೆ ಹನ್ನೊಂದು ಅಂಕಿಗಳ ನಂಬರಿರುವುದಷ್ಟೆ. ಮೊದಲೆರಡು ಅಂಕಿ ಬಂಡಿಯ ಜಾತಿ, ಮುಂದಿನೆರಡು ಅದು ಯಾವ ರೈಲ್ವೆಗೆ ಸೇರಿದ್ದೆಂಬುದು, ಐದನೆಯ ಆರನೆಯ ಅಂಕಿಗಳು ಅದು ತಯಾರಾದ ವರ್ಷ. ರೈಲ್ವೆ ಗೇಟಿನಲ್ಲಿ ನಿಂತಾಗ ಬೇಸರಪಡುವುದರ ಬದಲು ಈ ಎರಡು ಅಂಕಿಗಳನ್ನು ಓದಿ, ಬಂಡಿಯ ಮೈಬಣ್ಣವನ್ನು ಅದರ ವಯಸ್ಸಿನೊಡನೆ ಹೋಲಿಸಿ ನೋಡಿದರೆ, ಒಂದು ಗೂಡ್ಸ್ ಗಾಡಿ ದಾಟುವಷ್ಟರಲ್ಲಿ ನಲವತ್ತು ಐವತ್ತು ಪಾಠಗಳಾಗುತ್ತವೆ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆಂಬುದು ನಮ್ಮ ಅನುಭವ.

ಇನ್ನು ಕೆಲಸದ ಕ್ರಮ. ಬಂಡಿಯನ್ನು ಮೊದಲು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಕೈಯ ಜಿಡ್ಡಿನ ಮೇಲೆ ಬಣ್ಣ ನಿಲ್ಲದು. ಕಲಾವಿದರು ಉಪಯೋಗಿಸುವ ಬರ್ನ್ಟ್ ಅಂಬರ್ ಎಂಬ ಕಂದು ಎಣ್ಣೆಬಣ್ಣದ ಕೊಳವೆಯೊಂದು, ಸ್ವಲ್ಪ ಕಪ್ಪು, ಸ್ವಲ್ಪ ಬಿಳುಪು, ಟರ್ಪೆಂಟೈನು, ಎರಡು ಮೂರು ಕುಂಚಗಳು, ಕಿವಿಗೆ ಹಾಕುವ ಹತ್ತಿಕಡ್ಡಿಗಳು, ಪಾತ್ರೆ ಉಜ್ಜುವ ಸ್ಪಂಜಿನ ಒಂದು ಚೂರು, ಇಷ್ಟಿದ್ದರೆ ಪ್ರಾರಂಭಕ್ಕೆ ಸಾಕು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಯಂತ್ರವಿದ್ದರೆ ಒಳ್ಳೆಯದೇ, ಆದರೆ ಅದಿಲ್ಲದೆ ಕೆಲಸ ನಿಲ್ಲುವುದಿಲ್ಲ. ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ಕದಡಿ ತಿಳಿ ಕಾಫಿಯಷ್ಟು ತೆಳ್ಳಗೆ ಮಾಡಿಕೊಂಡು ಬಂಡಿಯ ಒಂದು ಮಗ್ಗುಲಿಗೆ ಹಚ್ಚಬೇಕು. ಕೆಲವು ನಿಮಿಷ ಬಿಟ್ಟು, ಚಪ್ಪಟೆಯಾದ ಕುಂಚವನ್ನು ಶುದ್ಧವಾದ ಟರ್ಪೆಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಹಿಂಡಿ, ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಬೇಕು. ಮಳೆಯ ನೀರು ಅಡ್ಡಲಾಗಿ ಹರಿಯುವುದಿಲ್ಲವಷ್ಟೆ! ಹಚ್ಚಿದ ಬಣ್ಣದ ಬಹುಪಾಲು ಹೀಗೆ ಹೊರಟುಹೋಗಿ, ಬೆಸುಗೆಯ ಸಂದುಗಳಲ್ಲಿಯೂ ಮೂಲೆಗಳಲ್ಲಿಯೂ ಮಾತ್ರ ಉಳಿಯುತ್ತದೆ. ನಿಜವಾದ ಕೊಳೆ ಉಳಿಯುವುದೂ ಅಲ್ಲಿಯೇ. ಕಾರ್ಖಾನೆಯ ಬಣ್ಣ ಟರ್ಪೆಂಟೈನಿಗೆ ಕರಗುವುದೋ ಇಲ್ಲವೋ ಎಂಬುದನ್ನು ಬಂಡಿಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಮೊದಲೇ ಪರೀಕ್ಷಿಸಿಕೊಳ್ಳತಕ್ಕದ್ದು. ನಾವು ಪರೀಕ್ಷಿಸದೆ ಒಂದು ನಂಬರನ್ನೇ ಕಳೆದುಕೊಂಡೆವು.

ಬಣ್ಣ ಎದ್ದುಹೋದ ಚುಕ್ಕೆಗಳನ್ನು ಕುಂಚದಿಂದ ಬರೆಯಹೋದರೆ ಕೈಗೆ ತಿಳಿಯದಂತೆ ರಂಗೋಲಿಯಾಗುತ್ತದೆ. ಅದಕ್ಕೆ ಸ್ಪಂಜೇ ಸರಿ. ಸ್ಪಂಜಿನ ಹರಿದ ಅಂಚನ್ನು ಗಾಢವಾದ ಕಂದಿನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ, ಇನ್ನೇನೂ ಉಳಿದಿಲ್ಲವೆನ್ನಿಸುವ ಹೊತ್ತಿಗೆ ಬಂಡಿಯ ಅಂಚಿಗೆ ಮೆಲ್ಲನೆ ಮುಟ್ಟಿಸಬೇಕು. ಇಲ್ಲಿ ಲೆಕ್ಕವನ್ನು ಮರೆಯಬಾರದು. ಈ ಮಾದರಿಯು ನಿಜವಾದ ಬಂಡಿಯ 76ನೆಯ ಒಂದು ಪಾಲು. ನಾವು ಇಡುವ ಒಂದು ಮಿಲಿಮೀಟರಿನ ಚುಕ್ಕೆಯು ನಿಜವಾದ ಬಂಡಿಯಲ್ಲಿ ಮೂರು ಅಂಗುಲದ ಗಾಯ. ಒಂದು ಅಡಿ ದೂರದಿಂದ ಮಾದರಿಯನ್ನು ನೋಡುವುದೆಂದರೆ 76 ಅಡಿ ದೂರದಿಂದ ಬಂಡಿಯನ್ನು ನೋಡಿದಂತೆ. ಅಷ್ಟು ದೂರದಿಂದ ಯಾವ ಗೀರು ಕಾಣುವುದು, ಯಾವುದು ಕಾಣದು, ಎಂದು ಕೇಳಿಕೊಂಡರೆ ಕುಂಚ ತಾನಾಗಿ ಹಿಂದೆ ಸರಿಯುತ್ತದೆ. ಅಚ್ಚ ಕಪ್ಪನ್ನು ಉಪಯೋಗಿಸಬಾರದೆನ್ನುವುದಕ್ಕೂ ಕಾರಣ ಇದೇ. ದೂರದ ಕಪ್ಪು ನಡುವಿನ ಗಾಳಿಯಿಂದ ಬೂದಾಗಿ ಕಾಣುತ್ತದೆ. ಆದುದರಿಂದ ಕಪ್ಪಿಗೆ ಸ್ವಲ್ಪ ಬಿಳುಪನ್ನೋ ಕಂದನ್ನೋ ಬೆರಸಿಕೊಳ್ಳುವುದು ಮೇಲು.

ಒಳಭಾಗಕ್ಕೆ ಗೃಹಿಣಿಯರು ಮೆಚ್ಚತಕ್ಕ ಉಪಾಯವೊಂದಿದೆ. ಮೊದಲು ಒಳಗೆಲ್ಲ ತುಕ್ಕಿನ ಬಣ್ಣ ಹಚ್ಚಿ ಚೆನ್ನಾಗಿ ಒಣಗಿಸಬೇಕು. ಬಳಿಕ ನೀರಿನಿಂದ ತೇವ ಮಾಡಿ, ಅಡಿಗೆಯ ಉಪ್ಪನ್ನು ಅಲ್ಲಲ್ಲಿ ಉದುರಿಸಿ, ಒಣಗಲು ಬಿಡಬೇಕು. ಉಪ್ಪು ಅಂಟಿಕೊಂಡ ಮೇಲೆ ಅದರ ಮೇಲೆ ಬೂದುಬಣ್ಣವನ್ನು ಸಿಂಪಡಿಸಬೇಕು. ಅದೂ ಒಣಗಿದ ಮೇಲೆ ಗಡುಸಾದ ಕುಂಚದಿಂದ ಉಪ್ಪನ್ನು ಉಜ್ಜಿ ತೆಗೆದರೆ, ಹರಳು ಕೂತಿದ್ದ ಕಡೆಯೆಲ್ಲ ಬೂದು ಎದ್ದುಬಂದು ಕೆಳಗಿನ ತುಕ್ಕು ಕಾಣುತ್ತದೆ. ಮನುಷ್ಯನ ಕೈ ಅಷ್ಟು ಅಂದಾಜಿಲ್ಲದೆ ಚುಕ್ಕೆ ಇಡಲಾರದು. ಕಲ್ಲುಪ್ಪನ್ನೂ ಪುಡಿಯುಪ್ಪನ್ನೂ ಬೆರಸಿದರೆ ಇನ್ನೂ ಚೆನ್ನು. ಕೊನೆಗೆ ನೀರಿನಿಂದ ತೊಳೆದು ಉಪ್ಪಿನ ಅಂಶವನ್ನೆಲ್ಲ ತೆಗೆದುಬಿಡತಕ್ಕದ್ದು.

ಧೂಳಿಗೆ ಧೂಳೇ ಬೇಕು. ಚಿತ್ರ ಬರೆಯುವ ಒಣ ಪ್ಯಾಸ್ಟಲ್ ಕಡ್ಡಿಯನ್ನು ಮರಳುಕಾಗದಕ್ಕೆ ಉಜ್ಜಿದರೆ ಬರುವ ಪುಡಿಯನ್ನು ಒಣ ಕುಂಚದಿಂದ ಅಂಚುಗಳ ಮೇಲೆ ಉದುರಿಸಿ, ಹೊಳಪಿಲ್ಲದ ವಾರ್ನಿಷನ್ನು ತೆಳ್ಳಗೆ ಹೊಡೆದರೆ ಅದು ನಿಲ್ಲುತ್ತದೆ. ವಾರ್ನಿಷಿನಿಂದ ಪುಡಿಯ ಬಣ್ಣ ಸ್ವಲ್ಪ ಅಡಗುವುದರಿಂದ ಮೊದಲೇ ಕೊಂಚ ಹೆಚ್ಚಾಗಿ ಹಾಕಿರಬೇಕು. ಹೇರುವುದಕ್ಕೆ ನಿಜವಾದ ಕಲ್ಲಿದ್ದಲಿನ ಚೂರೊಂದನ್ನು ಬಟ್ಟೆಯಲ್ಲಿ ಸುತ್ತಿ ಜಜ್ಜಿ, ಟೀ ಸೋಸುವ ಜರಡಿಯಲ್ಲಿ ಜಾಲಿಸಿ, ಫೆವಿಕಾಲಿಗೆ ನೀರನ್ನೂ ಒಂದು ತೊಟ್ಟು ಸಾಬೂನಿನ ದ್ರವವನ್ನೂ ಬೆರಸಿ ಅಂಟಿಸಬಹುದು. ಆ ಜರಡಿ ಅಡಿಗೆಮನೆಗೆ ಹಿಂದಿರುಗಕೂಡದು. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ.

ಟರ್ಪೆಂಟೈನಿನ ಆವಿ ತಲೆಗೆ ಏರುವ ವಸ್ತು, ಬೆಂಕಿಗೂ ಬೇಗನೆ ತಗಲುವ ವಸ್ತು. ಕಿಟಕಿ ತೆರೆದ ಕೋಣೆಯಲ್ಲಿ, ಒಲೆಗೂ ದೀಪಕ್ಕೂ ದೂರವಾಗಿ ಕುಳಿತು ಕೆಲಸ ಮಾಡಬೇಕು. ಪುಡಿ ಉದುರಿಸುವಾಗಲೂ ಸಿಂಪಡಿಸುವಾಗಲೂ ಮೂಗು ಬಾಯಿಗೆ ಮುಸುಕು ಕಟ್ಟಿಕೊಳ್ಳಬೇಕು. ಎಣ್ಣೆಬಣ್ಣ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಹುಡುಗರು ಒಂಟಿಯಾಗಿ ಈ ಕೆಲಸಕ್ಕೆ ಕೂರಕೂಡದು.

ಇಷ್ಟು ಶ್ರಮವೇಕೆ ಎಂದು ಮನೆಯವರು ಕೇಳುವುದು ಸಹಜ. ಅಮೆರಿಕದ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಜಾನ್ ಆಲೆನ್ ಎಂಬ ಛಾಯಾಗ್ರಾಹಕನಿದ್ದನು. ತನ್ನ ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ ಕಣಿವೆಗಳೊಡನೆ ಒಂದು ಮಾದರಿ ರೈಲ್ವೆಯನ್ನು ವರ್ಷಗಟ್ಟಲೆ ಕಟ್ಟಿದನು. ಬಂಡಿಗಳಿಗೂ ಕಟ್ಟಡಗಳಿಗೂ ದುಡಿದ ಮೈಯನ್ನು ಕೊಡುವುದರಲ್ಲಿ ಬಹು ಹೆಸರುವಾಸಿಯಾದವನು. 1973ನೆಯ ಇಸವಿಯ ಜನವರಿಯಲ್ಲಿ ಅವನು ತೀರಿಕೊಂಡನು. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಆ ರೈಲ್ವೆಯು ಬಹುಮಟ್ಟಿಗೆ ನಾಶವಾಯಿತು. ಅವನೇ ತೆಗೆದಿದ್ದ ಛಾಯಾಚಿತ್ರಗಳಿಂದ ಇಂದಿಗೂ ಜನ ಆ ಕೆಲಸವನ್ನು ಕಲಿಯುತ್ತಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ರಾಯ್ ಇಂಗ್ಲೆಂಡ್ ಎಂಬಾತನು 1954ರಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯವನ್ನು ಪ್ರಾರಂಭಿಸಿದನು. ಆತನು ಆಸ್ಟ್ರೇಲಿಯದಿಂದ ಬಂದವನು. ತನ್ನ ಕಣ್ಣೆದುರಿಗೇ ಅಲ್ಲಿನ ಹಳ್ಳಿಗಳು ಮಾರ್ಪಡುತ್ತಿದ್ದುದನ್ನು ನೋಡಿ, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅವು ಇದ್ದಂತೆಯೇ ಮಾದರಿಯಲ್ಲಿ ಉಳಿಸಬೇಕೆಂದು ಹೊರಟನು.

ನಮ್ಮ ಬೂದುಬಣ್ಣದ ಬಂಡಿಯ ವಿಷಯದಲ್ಲಿಯೂ ಇಂಥದೇ ಒಂದು ಸಂಗತಿಯಿದೆ. ಲಕ್ಷಗಳ ಲೆಕ್ಕದಲ್ಲಿದ್ದ ಆ ಬಂಡಿಗಳು 1980ರ ದಶಕದಲ್ಲಿ ಕಲ್ಲಿದ್ದಲಿನ ಸಾಗಾಟದಿಂದ ಮರೆಯಾಗಿಹೋದುವು. ಅಭಿಮಾನಿಗಳು ಉಳಿಸಿಕೊಂಡಿರುವ ಕೆಲವಕ್ಕೆ ಅಕ್ಕರೆಯಿಂದ ಹೊಸ ಬಣ್ಣ ಹಚ್ಚಿಡುತ್ತಾರೆ. ಉಕ್ಕನ್ನು ಕಾಪಾಡಬೇಕಾದರೆ ಹಾಗೆ ಮಾಡದೆ ಗತಿಯಿಲ್ಲ. ಅವು ದುಡಿಯುತ್ತಿದ್ದ ಕಾಲದಲ್ಲಿ ಬಣ್ಣದ ಫಿಲ್ಮು ದುಬಾರಿ. ಇದ್ದ ಫಿಲ್ಮನ್ನೆಲ್ಲ ಜನ ಎಂಜಿನ್ನಿನ ಮೇಲೆ ಖರ್ಚುಮಾಡುತ್ತಿದ್ದರೇ ಹೊರತು ಕಲ್ಲಿದ್ದಲಿನ ಬಂಡಿಯನ್ನು ಯಾರು ಕೇಳುತ್ತಿದ್ದರು? ಹೀಗಾಗಿ, ದುಡಿಯುತ್ತಿದ್ದಾಗ ಆ ಬಂಡಿ ಹೇಗಿತ್ತೆಂಬುದನ್ನು ಬಣ್ಣದೊಡನೆ ನೋಡಬೇಕಾದರೆ, ನಿಜವಾದ ಬಂಡಿಯ ಬಳಿ ಹೋಗಿ ಪ್ರಯೋಜನವಿಲ್ಲ. ಕೆಲವು ಛಾಯಾಚಿತ್ರಗಳನ್ನು ಬಿಟ್ಟರೆ, ಕಾರಣ ತಿಳಿದು ಬಣ್ಣ ಹಚ್ಚಿದ ಮಾದರಿಯೇ ಗತಿ. ಕಾರಣ ತಿಳಿಯದೆ ಹಚ್ಚಿದರೆ ಅದೂ ಇಲ್ಲ.

ಒಂದೇ ಗಾಡಿಗೆ ಹಲವು ಬಂಡಿಗಳನ್ನು ಸಿದ್ಧಪಡಿಸುವವರಿಗೆ ಒಂದು ಮಾತು. ಎಲ್ಲವನ್ನೂ ಮುದಿಮಾಡಬೇಡಿರಿ. ಇಪ್ಪತ್ತರಲ್ಲಿ ಎರಡು ಹೆಚ್ಚುಕಡಿಮೆ ಹೊಸದಾಗಿರಲಿ, ಮೂರು ನಾಲ್ಕು ಗುಜರಿಗೆ ಹೋಗುವಂತಿರಲಿ, ಉಳಿದವು ಸಾಧಾರಣವಾಗಿ ಮಾಸಿರಲಿ. 1957ರಲ್ಲಿ ಕಟ್ಟಿದ ಬಂಡಿಯನ್ನು 1958ರ ಗಾಡಿಗೆ ಸೇರಿಸುವವನು ಅದನ್ನು ತುಕ್ಕಿನಲ್ಲಿ ಮುಳುಗಿಸಿದರೆ ನಮ್ಮ ಹಿರಿಯರಂಥವರು ಪುನಃ “ಎಲ್ಲಿ ಬಿದ್ದಿತ್ತು?” ಎಂದಾರು.

ಆ ಹಿರಿಯರಿಗೆ ನಾವು ಎರಡನೆಯ ಬಂಡಿಯನ್ನು ನಾಲ್ಕು ತಿಂಗಳ ಮೇಲೆ ತೋರಿಸಿದೆವು. ಅಷ್ಟರಲ್ಲಿ ಅವರ ಕಣ್ಣು ಮತ್ತಷ್ಟು ಮಂದವಾಗಿದ್ದಿತು. ಭೂತಗನ್ನಡಿಯ ಜೊತೆಗೆ ದೀಪವೂ ಬೇಕಾಯಿತು. ಕೆಳ ಅಂಚನ್ನು ನೋಡಿದರು, ಬಾಗಿಲನ್ನು ನೋಡಿದರು, ತಿರುಗಿಸಿ ಬ್ರೇಕಿನ ಕಡೆ ಉಗುರಿನಿಂದ ಮೆಲ್ಲನೆ ಮುಟ್ಟಿ ನೋಡಿದರು. ಚೆನ್ನಾಗಿದೆಯೆಂದು ಹೇಳಲಿಲ್ಲ. “ಈ ಬಾಗಿಲಿನ ಮೂಲೆಯಲ್ಲಿ ತಗಡು ಹೋಗಿದೆಯಲ್ಲ, ಇದನ್ನು ನಾನು ಬಿಡುವುದಿಲ್ಲ. ರಿಪೇರಿಗೆ ಹಾಕುತ್ತೇನೆ. ಎಲ್ಲಿ, ಸೀಮೆಸುಣ್ಣ ಕೊಡಿ,” ಎಂದರು. ಅವರ ಕೈ ನಡುಗುತ್ತಿದ್ದುದರಿಂದ ಅವರು ಹೇಳಿದ ಜಾಗದಲ್ಲಿ, ಹೇಳಿದಷ್ಟು ಗಾತ್ರದಲ್ಲಿ, ಒಂಟಿ ಕೂದಲಿನಂಥ ಕುಂಚದಿಂದ ಬಿಳಿಯ ಗುರುತನ್ನು ನಾವೇ ಹಾಕಿದೆವು. ಬಂಡಿ ಈಗ ಅವರ ಮನೆಯ ಕಿಟಕಿಯ ಮೇಲಿದೆ. ನಾವು ಕೇಳಿಲ್ಲ, ಅವರು ಹಿಂದಕ್ಕೆ ಕೊಟ್ಟಿಲ್ಲ.

ಇನ್ನು ಕಾಗದ ಬರೆದ ಸೋದರಿಗೆ. ತಾಯಿ, ಹುಡುಗನು ಹಚ್ಚಿದ್ದು ನೀರಿನಲ್ಲಿ ಕದಡುವ ಬಣ್ಣವಾಗಿದ್ದರೆ ಬೆಚ್ಚನೆಯ ಸಾಬೂನಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಿರಿ, ಬಹುಪಾಲು ಬಿಟ್ಟೀತು. ಪೂರ್ತಿ ಬಿಡದಿದ್ದರೂ ಚಿಂತೆಯಿಲ್ಲ, ಆ ಬಂಡಿಯೇ ಅವನಿಗೆ ಅಭ್ಯಾಸದ ಬಂಡಿಯಾಗಲಿ. ಎರಡನೆಯದು ಸದ್ಯಕ್ಕೆ ಬೀರುವಿನಲ್ಲಿಯೇ ಇರಲಿ, ಆದರೆ ಬೀಗ ಬೇಡ. ಬರುವ ಭಾನುವಾರ ತಂದೆ ಮಗ ಇಬ್ಬರನ್ನೂ ಹತ್ತಿರದ ಸ್ಟೇಷನ್ನಿಗೆ ಕಳುಹಿಸಿ, ಗೂಡ್ಸ್ ಗಾಡಿ ಬರುವವರೆಗೂ ಪ್ಲಾಟ್‌ಫಾರಮ್ಮಿನ ಮೇಲೆ ಕೂರುವಂತೆ ಮಾಡಿರಿ. ನಂಬರನ್ನು ಮಗ ಓದಲಿ. ತುಕ್ಕು ಎಲ್ಲಿದೆಯೆಂಬುದನ್ನು ತಂದೆಯವರು ಪುಸ್ತಕದಲ್ಲಿ ಬರೆದುಕೊಳ್ಳಲಿ. ತಿಂಡಿಯ ಡಬ್ಬಿಯೊಂದನ್ನು ಕೈಯಲ್ಲಿ ಕೊಟ್ಟು ಕಳುಹಿಸುವುದು ಒಳ್ಳೆಯದು. ಗೂಡ್ಸ್ ಗಾಡಿ ಹೇಳಿದ ಹೊತ್ತಿಗೆ ಬರುವುದಿಲ್ಲ.